ಪ್ರಾರ್ಥನೆಯಲ್ಲಿ ಬಿಟ್ಟುಹೋದ ಮಾತು

ಮೊನ್ನೆ ಬಂಗಾರಪೇಟೆಯ ಅಂಗಡಿಯಲ್ಲಿ ನುಸಿಗುಳಿಗೆ ಕೊಂಡೆ. ಅಂಗಡಿಯಾತ ಪೊಟ್ಟಣ ಕಟ್ಟುವಾಗ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ನಿಂತೆ. ನಮ್ಮ ಪಾಸ್ಟರಯ್ಯನ ಬಿಳಿ ನಿಲುವಂಗಿಯ ವಾಸನೆ ಅದು. ವಾರವಿಡೀ ಟ್ರಂಕಿನಲ್ಲಿರುತ್ತಿದ್ದ ಅಂಗಿ ಭಾನುವಾರ ಬೆಳಿಗ್ಗೆ ಮಾತ್ರ ಹೊರಬರುತ್ತಿತ್ತು. ಅವರು ಆಶೀರ್ವದಿಸಲು ಕೈ ಎತ್ತಿದರೆ ಮುಂದಿನ ಬೆಂಚಿನ ಮಕ್ಕಳೆಲ್ಲ ಸೀನುತ್ತಿದ್ದೆವು.

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸದವರ ಸಾಲುಮನೆಗಳ ಹಿಂದೆ ನಮ್ಮ ಪುಟ್ಟ ಚರ್ಚು. ಪಾಸ್ಟರಯ್ಯ ಕುಳ್ಳಗೆ, ದುಂಡಗೆ ಇದ್ದರು. ಕನ್ನಡಕ ಸದಾ ಮೂಗಿನ ತುದಿಗೆ ಜಾರುತ್ತಿತ್ತು. ಪ್ರಸಂಗ ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ, ತಮಾಷೆ ತೆಲುಗಿನಲ್ಲಿ. ಯಾರಾದರೂ ತೂಕಡಿಸಿದರೆ ಪ್ರಸಂಗ ನಿಲ್ಲಿಸಿ, "ಏನಣ್ಣ, ನೈಟ್ ಶಿಫ್ಟಾ?" ಎಂದು ಕೇಳಿ ಇಡೀ ಸಭೆಯನ್ನು ನಗಿಸುತ್ತಿದ್ದರು. ಗಣಿ ಮುಚ್ಚಿದ ಮೇಲೆ ಆ ಪ್ರಶ್ನೆ ಕೇಳುವುದನ್ನು ಬಿಟ್ಟರು.

ನಮ್ಮಲ್ಲೊಂದು ರೂಢಿ ಇತ್ತು. ಪಾಸ್ಟರಯ್ಯ ಒಂದೊಂದೇ ಬಿನ್ನಹ ಹೇಳುವುದು, ಸಭೆಯವರೆಲ್ಲ "ಲಾಲಿಸು ಕರ್ತನೇ" ಎನ್ನುವುದು. ಕಾಯಿಲೆಯವರಿಗೆ, ವಿಧವೆಯರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ... ಕೊನೆಯದು ಯಾವಾಗಲೂ ಗಣಿಗೆ ಇಳಿದವರು ಕ್ಷೇಮವಾಗಿ ಮೇಲೆ ಬರಲಿ ಎಂಬುದು. ಗಣಿ ಮುಚ್ಚಿದಾಗ ಆ ಜಾಗ ಖಾಲಿ ಬಿಡಲು ಮನಸ್ಸಾಗಲಿಲ್ಲವೋ ಏನೋ, ಪಾಸ್ಟರಯ್ಯ ಮಾತು ಬದಲಿಸಿದರು. "ಗಣಿಯ ಬಾಗಿಲು ಮತ್ತೆ ತೆರೆಯಲಿ" ಎಂದರು. ನಾವು "ಲಾಲಿಸು ಕರ್ತನೇ" ಎಂದೆವು. ಹೀಗೇ ಹನ್ನೆರಡು ವರ್ಷ, ಒಂದು ಭಾನುವಾರವೂ ತಪ್ಪಲಿಲ್ಲ.

ಅಪ್ಪ ಆ ಒಂದು ಮಾತಿಗೆ ಜೋತುಬಿದ್ದರು. ಸುರಂಗ ಕುಸಿಯದಂತೆ ಮರದ ತೊಲೆ ನಿಲ್ಲಿಸುವುದು ಅವರ ಕೆಲಸವಾಗಿತ್ತು. ಅದರಲ್ಲಿ ಅವರದು ಪಳಗಿದ ಕೈ. ರಾಯಚೂರು ಕಡೆಯ ಗಣಿಯಲ್ಲಿ ಕೆಲಸವಿದೆ ಬಾ ಎಂದು ಜೊತೆಯವರು ಕರೆದರು. ಅಪ್ಪ ಜಗ್ಗಲಿಲ್ಲ. "ಇಲ್ಲೇ ತೆಗೀತಾರೆ ಬಿಡ್ರಲಾ. ಪಾಸ್ಟರಯ್ಯ ಏನು ಸುಮ್ಸುಮ್ನೆ ಕೇಳ್ಕೋತಾರಾ ದೇವರತ್ರ?" ಎಂದರು. ಅವರು ಮನೆಯಲ್ಲಿ ಕಾಯುತ್ತ ಕೂತರು, ಅಮ್ಮ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿನ ಬಟ್ಟೆ ಕಾರ್ಖಾನೆಗೆ ಹೋಗಿಬಂದಳು. ನಿಂತು ನಿಂತು ಮಂಡಿ ಸವೆಸಿಕೊಂಡು, ಅದೇ ಕೆಲಸದಲ್ಲಿರುವಾಗಲೇ ತೀರಿಕೊಂಡಳು. ನನಗೆ ಪಾಸ್ಟರಯ್ಯನ ಮೇಲೆ ಒಳಗೊಳಗೇ ಕೋಪ. ಪ್ರತಿ ಭಾನುವಾರ ಈ ಮನುಷ್ಯ ಆಸೆ ಹುಟ್ಟಿಸದಿದ್ದರೆ ನಮ್ಮಮ್ಮ ಬದುಕಿರುತ್ತಿದ್ದಳು ಅನ್ನಿಸುತ್ತಿತ್ತು.

ಪಾಸ್ಟರಯ್ಯ ನಿವೃತ್ತರಾದ ಭಾನುವಾರ ನಾನೂ ಹೋಗಿದ್ದೆ. ನಾನಾಗಲೇ ಮದುವೆಯಾಗಿ ಬಂಗಾರಪೇಟೆಗೆ ಬಂದಿದ್ದೆ. ನಲವತ್ತು ಜನ ಇದ್ದರೆ ಹೆಚ್ಚು. ಅವರ ನಂತರ ಈ ಸಭೆಗೆ ಬೇರೆ ಪಾಸ್ಟರ್ ಇಲ್ಲ, ತಿಂಗಳಿಗೊಮ್ಮೆ ಯಾರಾದರೂ ಬಂದುಹೋಗುತ್ತಾರೆ ಎಂದು ಗೊತ್ತಾಗಿತ್ತು. ಪಾಸ್ಟರಯ್ಯ ಎದ್ದು ನಿಂತು, "ನಿಮ್ಮ ಉಪ್ಪು ತಿಂದಿದ್ದೀನಿ. ನನ್ನ ಎಂಡ್ತಿ ಕೊನೇಗಾಲದಲ್ಲಿ ಮಲಗಿದ ಮೂರು ತಿಂಗ್ಳು ನಮ್ಮನೇಲಿ ಒಲೆ ಅಚ್ಲಿಲ್ಲ. ಕೆಲ್ಸ ಇಲ್ದಿದ್ ನಿಮ್ಮನೆಗಳಿಂದ್ಲೇ ಅನ್ನ ಬಂತು. ಮಕ್ಕಳಿಲ್ದೋನಿಗೆ ನೀವೇ ಮಕ್ಕಳಾದ್ರಿ" ಎಂದು ಕೈಮುಗಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಪ್ರಾರ್ಥನೆ. ಕಾಯಿಲೆಯವರಾಯಿತು, ವಿಧವೆಯರಾಯಿತು, ಮಕ್ಕಳಾಯಿತು. ಪಾಸ್ಟರಯ್ಯ ಅಲ್ಲಿಗೆ ನಿಲ್ಲಿಸಿಬಿಟ್ಟರು. ಗಣಿಯ ಮಾತು ಬರಲೇ ಇಲ್ಲ. ಆದರೆ ಹನ್ನೆರಡು ವರ್ಷದ ಅಭ್ಯಾಸ ನೋಡಿ, ಹೇಳದ ಬಿನ್ನಹಕ್ಕೂ ಅಷ್ಟು ಜನ ಒಟ್ಟಿಗೇ "ಲಾಲಿಸು ಕರ್ತನೇ" ಎಂದುಬಿಟ್ಟರು.

ಪಾಸ್ಟರಯ್ಯ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇವತ್ತು ಅದನ್ನ ಏಳ್ಬಾರ್ದು ಅಂತಿದ್ದೆ. ಒಳಗೆಲ್ಲ ನೀರು ತುಂಬ್ಕೊಂಡದೆ, ಇನ್ನು ತೆಗಿಯಲ್ಲ ಅಂತ ನಂಗೆ ಯಾವತ್ತೋ ಗೊತ್ತಾಗಿತ್ತು. ಆದ್ರೂ ಏಳ್ತಾನೇ ಬಂದೆ. ನಿಲ್ಸಿದ್ರೆ ನೀವೆಲ್ಲ ಊರು ಬಿಟ್ಟು ಓಗ್ಬುಡ್ತೀರಿ, ಸಭೆ ಖಾಲಿ ಆಗ್ತದೆ ಅನ್ನೋ ಭಯ. ನನಗೋಸ್ಕರ ನಿಮ್ಮನ್ನ ಕೂರಿಸ್ಕೊಂಡೆ. ಕ್ಷಮಿಸ್ಬುಡಿ."

ಹಿರಿಯರೆಂದು ಹಾರ ಹಾಕುವ ಕೆಲಸ ಅಪ್ಪನಿಗೆ ವಹಿಸಿದ್ದರು. ಅವರು ಹಾರ ಹಿಡಿದುಕೊಂಡೇ ಎದ್ದು ನಿಂತರು.

"ಅಂಗಾದ್ರೆ... ತೆಗಿಯಲ್ವಾ ಅಯ್ಯನವ್ರೇ?"

"ಇಲ್ಲ ಕಣಣ್ಣ. ತೆಗಿಯಲ್ಲ."

ಅಪ್ಪ ಮುಂದೆ ಹೋಗಿ, ಹಾರ ಹಾಕಿ, ಕೈಮುಗಿದು, ಬಂದು ಕೂತರು. ಅಷ್ಟೇ. ಮತ್ತೆ ಆ ವಿಷಯ ಎತ್ತಲಿಲ್ಲ. ಆ ವರ್ಷವೇ ಹೋಗಿಬಿಟ್ಟರು. ಗಣಿಯ ಧೂಳಿನಿಂದ ಎದೆ ಕೆಟ್ಟಿದೆ ಎಂದರು ಡಾಕ್ಟರು. ನನಗೆ ಮಾತ್ರ ಪಾಸ್ಟರಯ್ಯನ ಆ ಉತ್ತರವೇ ಅಪ್ಪನನ್ನು ಕೊಂದಿತು ಅನ್ನಿಸಿತು. ಸುಳ್ಳು ಹೇಳಿ ಕೂರಿಸಿದ್ದಕ್ಕೂ ಕೋಪ, ನಿಜ ಹೇಳಿದ್ದಕ್ಕೂ ಕೋಪ. ನನ್ನ ಕೋಪಕ್ಕೆ ಬುಡವೂ ಇರಲಿಲ್ಲ, ತುದಿಯೂ ಇರಲಿಲ್ಲ.

ಅಪ್ಪನನ್ನು ಮಣ್ಣು ಮಾಡಿದ ದಿನ ಪಾಸ್ಟರಯ್ಯ ಬಂದಿದ್ದರು. ಅಷ್ಟರಲ್ಲಿ ಅವರೂ ಬಂಗಾರಪೇಟೆಯಲ್ಲಿ, ಸ್ಟೇಷನ್ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ತಿಂಗಳಿಗೊಮ್ಮೆ ಬರುವ ಪಾಸ್ಟರ್ ಗಡಿಬಿಡಿಯಲ್ಲಿ ಓದಿ ಮುಗಿಸಿದ ಮೇಲೆ, ಇವರು ನನ್ನ ಹತ್ತಿರ ಬಂದು, "ಅಮ್ಮಯ್ಯಾ, ನಾನೊಂದೆರಡು ಮಾತು ಪ್ರಾರ್ಥನೆ ಮಾಡ್ಲಾ?" ಎಂದು ಕೇಳಿದರು.

"ಬೇಡ. ನೀವು ಮಾಡಿದ್ದು ಸಾಕು" ಎಂದೆ.

"ಆಗ್ಲಿ ಕಣಮ್ಮ" ಎಂದು ತಲೆಯಾಡಿಸಿ, ಮಾರಿಕುಪ್ಪಂ ಕಡೆಗೆ ನಡೆದರು. ಅಷ್ಟು ದೂರ ಹೋಗುವವರೆಗೂ ನೋಡಿದೆ, ಕೂಗಿ ಕರೆಯಲಿಲ್ಲ. ಆಮೇಲೆ ಒಂದೇ ಊರಿನಲ್ಲಿದ್ದರೂ ಅವರನ್ನು ನೋಡಲು ಹೋಗಲಿಲ್ಲ. ಒಮ್ಮೆ ಸಂತೆಯಲ್ಲಿ ಎದುರಾದಾಗ ಸೊಪ್ಪು ಆರಿಸುವ ನೆಪದಲ್ಲಿ ತಲೆ ತಗ್ಗಿಸಿದೆ...

ಮೊನ್ನೆ ಅಂಗಡಿಯಿಂದ ಮನೆಗೆ ಹೋಗದೆ ನೇರ ಸ್ಟೇಷನ್ ಹಿಂದಿನ ಬೀದಿಗೆ ನಡೆದೆ. ಆ ಹೊತ್ತು ನನ್ನ ಮೊಂಡುತನ ನನಗೇ ಅಸಹ್ಯವಾಗಿತ್ತು. ತಪ್ಪಾಯಿತು ಎನ್ನಬೇಕು, ಅಪ್ಪನಿಗಾಗಿ ಈಗಲಾದರೂ ಆ ಎರಡು ಮಾತು ಹೇಳಿ ಎನ್ನಬೇಕು ಎಂದುಕೊಂಡೆ. ಕೋಣೆಗೆ ಬೀಗವಿತ್ತು. ಮನೆಯ ಯಜಮಾನಿ ಕುಂಕುಮವಿಟ್ಟ ಹಣೆಯ ಬೆವರು ಒರೆಸಿಕೊಳ್ಳುತ್ತ ಆಚೆ ಬಂದರು.

"ಪಾಸ್ಟರಯ್ಯನಾ? ಅವರು ತೀರೋಗಿ ನಾಲ್ಕು ತಿಂಗ್ಳಾಯ್ತಲ್ಲಮ್ಮ!"

ಮಣ್ಣು ಮಾಡುವಾಗ ಪ್ರಾರ್ಥನೆ ಮಾಡಿದ್ದು ಯಾರು ಎಂದು ಕೇಳಿದೆ.

"ಯಾರೂ ಇಲ್ಲಮ್ಮ. ಯಾರೋ ಪಾಸ್ಟರು ಬತ್ತೀನಿ ಅಂದಿದ್ರು, ಬರ್ಲಿಲ್ಲ. ನಮ್ಮನೆಯವ್ರು, ಪಕ್ಕದ್ಮನೆಯವ್ರು ಸೇರಿ ಮಣ್ಣಾಕಿ ಬಂದ್ರು. ನಿಮ್ಮೋರ ಮಾತು ನಮಗೇನು ಗೊತ್ತಾಗ್ತದೆ?"

ಅಲ್ಲಿಂದ ನನ್ನ ಮನೆಗೆ ಹತ್ತು ನಿಮಿಷದ ದಾರಿ. ಮಣ್ಣು ಮಾಡುವಾಗ ಹೇಳುವ ಆ ಪ್ರಾರ್ಥನೆಗಳೆಲ್ಲ ನನಗೆ ಬಾಯಿಪಾಠ.