ಎಂಜಿನ್ ಬಿಸಿಯಾಗುವಷ್ಟು ಹೊತ್ತು

ಬೆಳಕು ಹರಿಯುವ ಮುನ್ನವೇ ಅಮೆರಿಕದ ಗೋಶೆನ್ ಊರಾಚೆಯ ಆ ಪುಟ್ಟ ಮನೆಯ ಕಿಟಕಿಗಾಜು ನಡುಗತೊಡಗುತ್ತದೆ. ಅಂಗಳದಲ್ಲಿ ಡಾರ್ಲಾ ಸ್ಟುಟ್ಸ್‌ಮನ್ ತಮ್ಮ ಹಳೆಯ ಡೀಸೆಲ್ ಟ್ರಕ್ಕಿನ ಕೀಲಿ ತಿರುಗಿಸಿದ್ದಾರೆ. ರಾತ್ರಿಯಿಡೀ ಎಂಜಿನ್ನಿಗೆ ಶಾಖ ಕೊಟ್ಟ ತಂತಿಯನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತು, ಸುತ್ತಿ, ಸೀಟಿನಡಿ ತುರುಕುತ್ತಾರೆ. ಕೊಳವೆಯಿಂದ ಹೊರಟ ಹೊಗೆ ಮೇಲೇಳದೆ ಹಿಮದ ಮೇಲೆಯೇ ಕುಳಿತುಬಿಡುತ್ತದೆ. ರಸ್ತೆಯಲ್ಲಿ ಕಪ್ಪು ಟೋಪಿಯ, ಕಾರು ಓಡಿಸದ ಆಮಿಶ್ ಪಂಗಡದ ಗಂಡಸರು ಸೈಕಲ್ ತುಳಿದುಕೊಂಡು ಕಾರ್ಖಾನೆಗೆ ಹೋಗುತ್ತಿದ್ದಾರೆ. ಅವರು ಕಟ್ಟಿದ ಚಕ್ರದ ಮನೆಗಳನ್ನು ಎಳೆದುಕೊಂಡು ಹೋಗಿ ಮುಟ್ಟಿಸುವುದೇ ಡಾರ್ಲಾ ಅವರ ಕೆಲಸ.

ಅಡುಗೆಮನೆಯ ದೀಪ ಹೊತ್ತುತ್ತದೆ. ಸ್ವಲ್ಪ ಹೊತ್ತಿಗೆ ಗಂಡ ಲೈಲ್ ರಾತ್ರಿಯುಡುಪಿನ ಮೇಲೊಂದು ಕೋಟು ಎಳೆದುಕೊಂಡು, ಎರಡು ಲೋಟ ಕಾಫಿ ಹಿಡಿದು, ಹಿಮದಲ್ಲಿ ಹೆಜ್ಜೆ ನೋಡಿಕೊಂಡು ಬರುತ್ತಾರೆ. ಪಕ್ಕದ ಸೀಟಿಗೆ ಏರಿ ಕುಳಿತು, ಒಂದು ಲೋಟ ಹೆಂಡತಿಗೆ ಕೊಟ್ಟು, ಖಾಲಿ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಶಾಖ ತೋರಿಸುವ ಮುಳ್ಳು ತಳ ಬಿಟ್ಟು ಮೇಲೇಳುವವರೆಗೆ ಕಾಯುತ್ತಾರೆ. ಅದು ಎದ್ದಾಗ ಲೈಲ್ ಇಳಿದು, ಬಾನೆಟ್ಟನ್ನು ಎರಡು ಸಲ ತಟ್ಟಿ ಒಳಗೆ ಹೋಗುತ್ತಾರೆ. ಡಾರ್ಲಾ ಹೊರಡುತ್ತಾರೆ.

ಉತ್ತರ ಇಂಡಿಯಾನಾದ ಈ ಸೀಮೆಯಲ್ಲಿ ಮನೆಗೊಬ್ಬರಾದರೂ ಕ್ಯಾಂಪರ್ ನಂಬಿ ಬದುಕುವವರು ಸಿಗುತ್ತಾರೆ. ಹಾಸಿಗೆ, ಒಲೆ, ಸಿಂಕು, ಮಕ್ಕಳಿಗೆ ಅಟ್ಟದಂಥ ಮಂಚ ಎಲ್ಲ ಇರುವ ಚಕ್ರದ ಮೇಲಿನ ಮನೆ ಅದು. ರಜೆ ಬಂದರೆ ದೇಶದ ಅರ್ಧ ಜನ ಅದನ್ನು ಬೆನ್ನಿಗೆ ಕಟ್ಟಿಕೊಂಡು ಕೆರೆ ದಂಡೆಗೋ ಬೆಟ್ಟದ ಬುಡಕ್ಕೋ ಹೊರಡುತ್ತಾರೆ. ಅದು ಕಾರ್ಖಾನೆಯಿಂದ ಅಂಗಡಿಗೆ ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. ಡಾರ್ಲಾ ಮೂವತ್ತರ ಆಸುಪಾಸಿನಲ್ಲಿ ಈ ಕೆಲಸಕ್ಕೆ ಬಂದವರು. ಈಗ ಅರವತ್ತು ದಾಟಿದೆ. ಆಗೆಲ್ಲ ಪಶ್ಚಿಮದ ಬೆಟ್ಟಗಳಾಚೆಗೆ, ಐಡಾಹೊ, ಮೊಂಟಾನಾಗಳಿಗೆ ಎಳೆಯುತ್ತಿದ್ದರು. ದಿನಕ್ಕೆ ಐನೂರು ಮೈಲಿಗೆ ಕಡಿಮೆಯಿಲ್ಲ. ಎಳೆಯುವ ಮನೆಯೊಳಗೆ ಕಾಲಿಡುವಂತಿಲ್ಲ, ಅದು ಕಾರ್ಖಾನೆಯ ಕಟ್ಟಪ್ಪಣೆ. ಹಿಂದೆ ಎರಡೆರಡು ಮಂಚ ಉರುಳಿಬರುತ್ತಿದ್ದರೂ ಡಾರ್ಲಾ ಟ್ರಕ್ಕಿನ ಹಿಂಬದಿಯ ಸೀಟಿನಲ್ಲಿ ಮೊಣಕಾಲು ಮಡಚಿ ಮಲಗುತ್ತಿದ್ದರು.

"ಒಂದ್ಸಲ ವಯೋಮಿಂಗಲ್ಲಿ ಗಾಳಿ ಎಷ್ಟಿತ್ತು ಅಂದ್ರೆ, ಒಳಗೆ ಹೋಗಿ ಮಲಗೋಣ ಅನ್ನಿಸ್ತು," ಎನ್ನುತ್ತಾರೆ. "ಬಾಗಿಲ ತನಕ ಹೋದೆ. ಹಿಡಿ ಮುಟ್ಟಿ ವಾಪಸ್ ಬಂದೆ. ಯಾರದೋ ಹೊಸ ಮನೆ. ಅವರಿಗಿಂತ ಮುಂಚೆ ನಾನ್ಯಾಕೆ ಮಲಗ್ಲಿ?"

ಲೈಲ್ ಆ ಮನೆಗಳನ್ನು ಕಟ್ಟುತ್ತಿದ್ದವರು. ಹಲಗೆಗೆ ಮೊಳೆ ಹೊಡೆಯುವ ಗಾಳಿಬಂದೂಕಿನ ಸದ್ದಿನಲ್ಲೇ ಅವರ ಪ್ರಾಯ ಕಳೆಯಿತು, ಕಿವಿಯೂ ಹೋಯಿತು. ಮೊದಲು ಹಕ್ಕಿಗಳ ದನಿ ಹೋಯಿತಂತೆ, ಆಮೇಲೆ ಹೆಂಗಸರ ದನಿ, ಕೊನೆಗೆ ಎಲ್ಲವೂ. ಈಗ ತುಟಿ ನೋಡಿ ಮಾತು ಹಿಡಿಯುತ್ತಾರೆ. ತಾವು ಮಾತಾಡಿದರೆ ಜೋರಾಗಿಯೇ ಮಾತಾಡುತ್ತಾರೆ, ಆದ್ದರಿಂದ ಆದಷ್ಟು ಮಾತಾಡುವುದಿಲ್ಲ. ಅವರಿಗೆ ಏನೂ ಕೇಳಿಸದಾದ ವರ್ಷವೇ ಡಾರ್ಲಾ ಪಶ್ಚಿಮದ ದಾರಿ ಬಿಟ್ಟರು. ಓಹಾಯೋ, ಮಿಶಿಗನ್, ಹೆಚ್ಚೆಂದರೆ ಪೆನ್ಸಿಲ್ವೇನಿಯಾಕ್ಕೆ ಹಗುರ ಕ್ಯಾಂಪರುಗಳನ್ನಷ್ಟೇ ಎಳೆಯುತ್ತಾರೆ.

ಅಂಗಳದ ಡೀಸೆಲ್ ಶುರುವಾದಾಗ ಲೈಲ್ ಎಚ್ಚರಗೊಳ್ಳುವುದು ಕಿವಿಯಿಂದಲ್ಲ. ಮಂಚ ನಡುಗುತ್ತದೆ.

ಈ ಫೆಬ್ರವರಿಯಲ್ಲಿ ಆ ಟ್ರಕ್ಕಿನ ಕಾಲ ಮುಗಿಯಿತು. ಊರಿನ ಮೆಕ್ಯಾನಿಕ್ ಡ್ವೇನ್ ಹೋಸ್ಟೆಟ್ಲರ್ ಎಂಜಿನ್ ಬಿಚ್ಚಿ ನೋಡಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಅಕ್ಕ, ಇದಕ್ಕಿನ್ನು ಖರ್ಚು ಮಾಡಬೇಡಿ. ಇನ್ನೊಂದು ತಿಂಗಳು ಎಳೆದ್ರೆ ಹೆಚ್ಚು." ಅಂಗಡಿಗಳು ಬೇಸಿಗೆಗೆ ಸರಕು ತುಂಬಿಕೊಳ್ಳುವುದು ಇದೇ ತಿಂಗಳುಗಳಲ್ಲಿ. ಈಗ ನಿಂತರೆ ವರ್ಷವೇ ಕೈತಪ್ಪಿದಂತೆ. ಅದಕ್ಕಿಂತ ಹೆಚ್ಚಾಗಿ, ಮುಂದೆ ಕೊಳ್ಳುವ ಟ್ರಕ್ಕೇ ತಮ್ಮ ಕೊನೆಯದೆಂದು ಡಾರ್ಲಾ ಅವರಿಗೆ ಗೊತ್ತು. ಆಯ್ಕೆ ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ಬರುವುದಿಲ್ಲ. ರಸ್ತೆಯಿಂದ ಇಳಿದು ಮನೆಯಲ್ಲಿ ಕೂರಬೇಕಷ್ಟೆ.

ಡ್ವೇನ್ ಅವರ ಶೆಡ್ಡಿನಲ್ಲಿ ಮಾರಾಟಕ್ಕಿದ್ದದ್ದು ಪೆಟ್ರೋಲ್ ಟ್ರಕ್ಕು. "ರಾಕಿ ಬೆಟ್ಟ ಹತ್ತೋದಾದ್ರೆ ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಿ ಅಂತ ನಾನೇ ಹೇಳ್ತೀನಿ," ಎಂದರು. "ಓಹಾಯೋ ಬಯಲಲ್ಲಿ ಹಗುರ ಕ್ಯಾಂಪರ್ ಎಳೆಯೋಕೆ ಅಷ್ಟು ಭಾರದ ಎಂಜಿನ್ ಯಾಕೆ? ಇದಕ್ಕೆ ಪೆಟ್ರೋಲ್ ಜಾಸ್ತಿ ಬೇಕು, ನಿಜ. ಆದ್ರೆ ಎಂಥ ಚಳೀಲೂ ಕೀಲಿ ತಿರುಗಿಸಿ ಹೊರಡ್ತಾ ಇರಿ. ಕೆಟ್ರೆ ಯಾವ ಊರಲ್ಲಾದ್ರೂ ರಿಪೇರಿ ಆಗುತ್ತೆ."

ಬೆಳಗಿನ ತಿಂಡಿಗೆ ಎಳೆಯುವವರೆಲ್ಲ ಸೇರುವ ಹೋಟೆಲಿನಲ್ಲಿ ಈ ಸುದ್ದಿ ಮೊಟ್ಟೆಗಿಂತ ಬೇಗ ಬೆಂದಿತ್ತು. ರಸ್ಟಿ ಕೌಫ್‌ಮನ್ ಎಂಬ ಚಾಲಕ ದೂರದ ಮೇಜಿನಿಂದಲೇ ಕೂಗಿದರು: "ಏನಕ್ಕ, ಹೊಲಿಗೆ ಮಿಷನ್ ತಗೊಳ್ತೀಯಂತೆ?"

"ಹೌದಪ್ಪ. ನಿನ್ನ ಬಾಯಿ ಹೊಲಿಯೋಕೆ."

"ಡೀಸೆಲ್ ಬಿಟ್ಟವರನ್ನ ಈ ಮೇಜಿಗೆ ಕೂರಿಸಲ್ಲ ನಾವು."

"ಹೋದ ತಿಂಗಳು ನಿನ್ನ ಡೀಸೆಲ್ ಹೆಪ್ಪುಗಟ್ಟಿ ನಿಂತಾಗ ಎಳೆದು ತಂದದ್ದು ಯಾವ ಗಾಡಿ, ಸ್ವಲ್ಪ ಹೇಳು?"

ರಸ್ಟಿ ಬೇಕನ್ ಅಗಿಯುತ್ತ ಕಿಟಕಿಯಾಚೆ ನೋಡಿದರು. ಎಲ್ಲರೂ ನಕ್ಕರು. ಡಾರ್ಲಾ ಅವರೂ ನಕ್ಕರು, ಆದರೆ ಪೂರ್ತಿಯಾಗಿ ಅಲ್ಲ. ಜನವರಿಯಲ್ಲಿ ಟೊಲೆಡೊ ಬಳಿ ಅವರ ಡೀಸೆಲ್ಲೂ ಹಾಗೆಯೇ ಚಳಿಗೆ ಮೇಣದಂತೆ ಗಟ್ಟಿಯಾಗಿ ಗಾಡಿ ನಿಂತಿತ್ತು. ಮನೆಗೆ ಫೋನ್ ಮಾಡಿದರೆ ಎತ್ತಿಕೊಳ್ಳುವ ಕಿವಿಯಿಲ್ಲ. ಸಂದೇಶ ಕಳಿಸಿ, ಎರಡು ಕಂಬಳಿ ಹೊದ್ದು, ಎಳೆದೊಯ್ಯುವ ಲಾರಿ ಬರುವವರೆಗೆ ತಮ್ಮ ಉಸಿರು ಗಾಜಿನ ಮೇಲೆ ಹಿಮವಾಗುವುದನ್ನು ನೋಡುತ್ತ ಕುಳಿತಿದ್ದರು.

ಡ್ವೇನ್ ಆ ಪೆಟ್ರೋಲ್ ಟ್ರಕ್ಕನ್ನು ಒಂದು ಟ್ರಿಪ್ಪಿಗೆ ಎರವಲು ಕೊಟ್ಟರು. ಪೆನ್ಸಿಲ್ವೇನಿಯಾದ ಅಲೆಘೆನಿ ಬೆಟ್ಟಗಳಾಚೆಯ ಅಂಗಡಿಯೊಂದಕ್ಕೆ ಕ್ಯಾಂಪರ್ ಹೋಗಬೇಕಿತ್ತು. ಬೆಳಿಗ್ಗೆ ಡಾರ್ಲಾ ಕೀಲಿ ತಿರುಗಿಸಿದರು. ಎಂಜಿನ್ ಶುರುವಾದದ್ದೇ ತಿಳಿಯಲಿಲ್ಲ. ಕಿಟಕಿಗಾಜು ನಡುಗಲಿಲ್ಲ, ಮಂಚ ನಡುಗಲಿಲ್ಲ, ಅಡುಗೆಮನೆಯ ದೀಪ ಹೊತ್ತಲಿಲ್ಲ. ಮುಳ್ಳು ಏಳುವುದನ್ನು ಕಾಯುವ ಅಗತ್ಯವೂ ಇರಲಿಲ್ಲ. ಆಕೆ ಕತ್ತಲೆಯ ಕಿಟಕಿಯನ್ನು ಒಂದು ಕ್ಷಣ ನೋಡಿದರು. ಇಷ್ಟು ವರ್ಷ ಆ ಮನುಷ್ಯನ ನಿದ್ದೆ ಕೆಡಿಸಿದ್ದಾಯಿತು, ಇನ್ನಾದರೂ ಮಲಗಲಿ ಎಂದುಕೊಂಡರು. ಏನೋ ಒಳ್ಳೆಯದು ಮಾಡಿದ ಸಮಾಧಾನದಲ್ಲಿ ಅಂಗಳ ದಾಟಿದರು.

ಬಯಲಿನಲ್ಲಿ ಟ್ರಕ್ಕು ಹೂವೆತ್ತಿದಂತೆ ಎಳೆಯಿತು. ಬೆಟ್ಟದ ಏರು ಬಂದಾಗ ಗೇರು ತಾನಾಗಿ ಎರಡು ಮೆಟ್ಟಿಲು ಇಳಿಯಿತು, ಎಂಜಿನ್ ಚೀರಿತು. ಡೀಸೆಲ್ಲಿನ ಗೊಣಗಾಟಕ್ಕೆ ಒಗ್ಗಿದ ಪಾದ ಬೆಚ್ಚಿ ಪೆಡಲ್ ಬಿಟ್ಟಿತು. ವೇಗ ಕುಸಿಯಿತು. ಮತ್ತೆ ತುಳಿದರು, ಮತ್ತೆ ಚೀರಿತು, ಮತ್ತೆ ಬಿಟ್ಟರು. ಹಿಂದೆ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯತೊಡಗಿದವು. ಕೊನೆಗೆ ಅಂಚಿಗೆ ಸರಿಸಿ, ದೀಪ ಮಿಣುಕಿಸಿ, ಬಾನೆಟ್ ಎತ್ತಿ ಮೂಸಿ ನೋಡಿದರು. ಜೀವಮಾನವಿಡೀ ಎಳೆದವರು, ಎರವಲು ಗಾಡಿಯ ಎಂಜಿನ್ ಸುಟ್ಟುಬಿಟ್ಟೆನೆಂದು ಡ್ವೇನ್ ಅವರಿಗೆ ಫೋನ್ ಮಾಡಿದರು.

"ಹೊಗೆ ಬರ್ತಿದೆಯಾ ಅಕ್ಕ?"

"ಇಲ್ಲ."

"ನೀರು, ಆಯಿಲ್ ಏನಾದ್ರೂ ಸೋರ್ತಿದೆಯಾ?"

"ಇಲ್ಲ ಕಣೋ."

"ಬಿಸಿ ಮುಳ್ಳು?"

"ನಡುವಲ್ಲೇ ಇದೆ."

"ಮತ್ತೆ ಆಗಿರೋದೇನು?"

"ಕಿರಿಚ್ತಾ ಇದೆ! ಹಂದಿ ಕೊಯ್ದ ಹಾಗೆ!"

ಫೋನಿನ ಆಚೆ ಶೆಡ್ಡಿಗೆ ಶೆಡ್ಡೇ ನಕ್ಕಿತು. "ಕಿರಿಚ್ಲಿ ಬಿಡಿ. ನಿಮ್ಮ ಹಳೇದು ಗೊಣಗಿಕೊಂಡು ಕೆಲಸ ಮಾಡ್ತಿತ್ತು, ಇದು ಕಿರಿಚಿಕೊಂಡು ಮಾಡುತ್ತೆ. ಏರಲ್ಲಿ ಕಾಲು ತೆಗೀಬೇಡಿ. ಇಳಿಜಾರಲ್ಲಿ ನೀವೇ ಗೇರು ಇಳಿಸಿ. ಆಗ್ಲೂ ಕಿರಿಚುತ್ತೆ, ಹೆದರಬೇಡಿ."

ಇಳಿಜಾರಿನಲ್ಲಿ ಆಕೆಯ ಹೆಬ್ಬೆರಳು ಹಳೆಯ ಟ್ರಕ್ಕಿನ, ವೇಗ ತಡೆಯುವ ಎಂಜಿನ್ ಬ್ರೇಕಿನ ಗುಂಡಿಯನ್ನು ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಗೇರು ಇಳಿಸಿದರು. ಎಂಜಿನ್ ಚೀರುತ್ತ ಹಿಂದಿನ ಮನೆಯನ್ನು ಹಿಡಿದುಕೊಂಡಿತು. ಕೆಳಗೆ ತಲುಪಿದಾಗ ಬ್ರೇಕು ಬಿಸಿಯಾಗಿರಲಿಲ್ಲ. ಕ್ಯಾಂಪರ್ ಇಳಿಸಿ ಮರಳುವಾಗ ಡಾರ್ಲಾ ಮನಸ್ಸು ಮಾಡಿ ಆಗಿತ್ತು: ಇದೇ ಸಾಕು.

ಮನೆಗೆ ಬಂದಾಗ ಲೈಲ್ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದರು. ಎದುರಿಗೆ ಎರಡು ಲೋಟ. ಒಂದು ಖಾಲಿ, ಇನ್ನೊಂದರಲ್ಲಿ ಕಾಫಿ ಕೆನೆಗಟ್ಟಿ ತಣ್ಣಗಾಗಿತ್ತು. ಹೋದದ್ದು ಹಿಂದಿನ ದಿನ. ಆ ಲೋಟವನ್ನು ಅವರು ತೊಳೆದಿರಲಿಲ್ಲ.

"ಎದ್ದು ನೋಡಿದ್ರೆ ಅಂಗಳ ಖಾಲಿ," ಎಂದರು, ಎಂದಿಗಿಂತ ಜೋರಾಗಿ.

"ನಿದ್ದೆ ಮಾಡ್ಲಿ ಅಂತ ಬಿಟ್ಟೆ ಕಣೋ."

"ಯಾರು ಕೇಳಿದ್ರು ನಿದ್ದೆ?"

ಆ ಕಾಫಿಯನ್ನು ಲೈಲ್ ಕರ್ತವ್ಯವೆಂದು ತರುತ್ತಾರೆ, ಎಚ್ಚರವಾದ ತಪ್ಪಿಗೆ ತರುತ್ತಾರೆ ಎಂದೇ ಡಾರ್ಲಾ ಇಷ್ಟು ವರ್ಷ ತಿಳಿದಿದ್ದರು. ದಿನದಲ್ಲಿ ಅವರಿಬ್ಬರೂ ತುಟಿ ನೋಡದೆ, ಕೂಗದೆ, ಮತ್ತೊಮ್ಮೆ ಹೇಳು ಎನ್ನದೆ ಪಕ್ಕಪಕ್ಕ ಕೂರುವ ಹೊತ್ತು ಅದೊಂದೇ ಎಂಬುದು ಆಕೆಗೆ ಹೊಳೆದಿರಲಿಲ್ಲ. ಎಂಜಿನ್ ಬಿಸಿಯಾಗುವಷ್ಟು ಹೊತ್ತು ಇಬ್ಬರಿಗೂ ಕೇಳುವುದು ಒಂದೇ: ಒಬ್ಬರಿಗೆ ಕಿವಿಯಲ್ಲಿ, ಇನ್ನೊಬ್ಬರಿಗೆ ಅಂಗೈಯಲ್ಲಿ.

ಮರುದಿನ ಆಕೆ ಡ್ವೇನ್ ಅವರಿಗೆ, "ಡೀಸೆಲ್ಲೇ ಹುಡುಕಪ್ಪ," ಎಂದರು. ಹೋಟೆಲಿನಲ್ಲಿ ರಸ್ಟಿ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

ಆದರೆ ಆ ಮಧ್ಯಾಹ್ನ ಡ್ವೇನ್ ಅವರ ಶೆಡ್ಡಿಗೆ ಲೈಲ್ ಒಬ್ಬರೇ ನಡೆದುಕೊಂಡು ಹೋದರು. ಪೆಟ್ರೋಲ್ ಟ್ರಕ್ಕಿಗೆ ಏರಿ ಕುಳಿತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು, "ಶುರು ಮಾಡು," ಎಂದರು. ಡ್ವೇನ್ ಮಾಡಿದರು.

"ಮಾಡು ಅಂದೆನಲ್ಲ!"

"ಓಡ್ತಾ ಇದೆ ಮಾಮ!" ಎಂದು ಡ್ವೇನ್ ಬಾಯಿ ಅಗಲಿಸಿ ತೋರಿಸಿದರು.

"ಸತ್ತಿದೆಯಲ್ಲೋ ಇದು!"

ಅಂಗೈ ತೆಗೆಯಲಿಲ್ಲ. ಬಹಳ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದರಂತೆ. ಇಳಿದು ಮನೆಗೆ ಬಂದು ಹೆಂಡತಿಗೆ ಹೇಳಿದರು: "ಅದನ್ನೇ ತಗೋ. ಟೊಲೆಡೊದಲ್ಲಿ ನೀನು ನಿಂತದ್ದು ಸಾಕು."

"ಮತ್ತೆ ಬೆಳಿಗ್ಗೆ?"

"ಆ ಬೆಳಿಗ್ಗೆ ನನ್ನ ಬಿಟ್ಟು ಹೋದದ್ದು ಗಾಡಿ ಅಲ್ಲ ಕಣೇ. ನೀನು."

ಈಗ ಮಾರ್ಚ್. ಹಿಮ ಅಂಗಳದ ಅಂಚಿಗೆ ಸರಿದಿದೆ. ಬೂದು ಬಣ್ಣದ ಪೆಟ್ರೋಲ್ ಟ್ರಕ್ಕು ಸುಮ್ಮನೆ ನಿಂತಿದೆ, ಹಳೆಯ ತಂತಿ ಗೋಡೆಯ ಮೊಳೆಗೆ ಸುರುಳಿಯಾಗಿ ನೇತಾಡುತ್ತಿದೆ. ಡಾರ್ಲಾ ಬೂಟು ಹಾಕಿಕೊಂಡು ಮೊದಲು ಅಂಗಳಕ್ಕಲ್ಲ, ಮಲಗುವ ಕೋಣೆಗೆ ಹೋಗುತ್ತಾರೆ. ಕತ್ತಲಲ್ಲಿ ಮಂಚದ ಅಂಚಿಗೆ ಕುಳಿತು ಗಂಡನ ಭುಜ ಹಿಡಿದು ಅಲುಗಾಡಿಸುತ್ತಾರೆ. ಆಮೇಲೆ ಹೋಗಿ ಟ್ರಕ್ಕಿನಲ್ಲಿ ಕಾಯುತ್ತಾರೆ. ಕೀಲಿ ಇನ್ನೂ ತಿರುಗಿಸಿಲ್ಲ. ಅಡುಗೆಮನೆಯ ದೀಪ ಹೊತ್ತುತ್ತದೆ.

ಹೊಸ ಗಾಡಿಯಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಆಕೆ ಹೇಳುತ್ತಾರೆ: "ಇಷ್ಟು ವರ್ಷ ಡೀಸೆಲ್ ಮಾಡ್ತಿದ್ದ ಒಂದು ಕೆಲಸ ಈಗ ನಂದು. ಅದಕ್ಕಿಂತ ನಾನು ಮೆತ್ತಗೆ ಅಲುಗಾಡಿಸ್ತೀನಿ."

ಪಕ್ಕದ ಸೀಟಿನಲ್ಲಿ ಲೋಟ ಹಿಡಿದ ಲೈಲ್ ಆಕೆಯ ತುಟಿಯನ್ನೇ ನೋಡುತ್ತಿದ್ದಾರೆ.

"ಸುಳ್ಳು," ಎನ್ನುತ್ತಾರೆ, ಬೀದಿಗೇ ಕೇಳುವ ಹಾಗೆ. "ಡೀಸೆಲ್ಲೇ ಮೆತ್ತಗಿತ್ತು."