ಅಪ್ಪ ಇದ್ದಲ್ಲಿ ಚಂದ್ರ ಹುಟ್ಟುವ ಹೊತ್ತು

ನಾನು ಚಿಕ್ಕವಳಿದ್ದಾಗ ಕಂಡದ್ದನ್ನು ಹೇಳಹೊರಟಿದ್ದೇನೆ ಮಕ್ಕಳೇ. ಆದರೆ ಎಲ್ಲವೂ ಹೀಗೇ ಇತ್ತೆಂದು ಆಣೆ ಮಾಡಲಾರೆ. ಆ ಸಂಜೆ ಮೋಡವಿತ್ತೆಂದು ನನ್ನ ನೆನಪು. ಇರಲಿಲ್ಲ ಎನ್ನುತ್ತಾಳೆ ಅಕ್ಕ.

ಕುಂಭಾಶಿಯ ನಮ್ಮ ಮನೆಯಲ್ಲಿ ಅಮ್ಮ ಪ್ರತಿ ಸಂಕಷ್ಟಿಗೆ ಉಪವಾಸವಿದ್ದು, ಚಂದ್ರ ಹುಟ್ಟಿದ ಮೇಲೆ ಉಣ್ಣುತ್ತಿದ್ದಳು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಪ್ಪ ಊರಿಗೆ ಬಾರದೆ ಬಹಳ ಕಾಲವಾಗಿತ್ತು, ವ್ರತ ಅವರಿಗಾಗಿ. ಅವರಿದ್ದಲ್ಲೂ ಚಂದ್ರ ಹುಟ್ಟಬೇಕು, ಆಮೇಲೆಯೇ ತುತ್ತು ಎನ್ನುವುದು ಅಮ್ಮ ತಾನೇ ಸೇರಿಸಿಕೊಂಡ ನಿಯಮ. ಕಾಲೇಜಿಗೆ ಹೋಗುತ್ತಿದ್ದ ಅಕ್ಕ ಅದಕ್ಕೆಂದೇ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಳು. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಅಲ್ಲಿ ಚಂದ್ರ ಮೇಲೇರುವ ಹೊತ್ತು ಕಪ್ಪು ಪರದೆಯ ಮೇಲೆ ಹಸಿರು ಅಂಕಿಗಳಲ್ಲಿ ಮೂಡುತ್ತಿತ್ತು.

"ಮಾಡ್ ಹತ್ತಿ ಕಂಡ್ಕಂಡ್ ಬಂದಾಂಗ್ ಹೇಳತ್ತಲೆ ಹೆಣೆ!" ಎಂದು, ಮನೆಯ ಮಾಡು ಹತ್ತಿ ನೋಡಿ ಬಂದಂತೆ ಹೇಳುವ ಆ ಪೆಟ್ಟಿಗೆಯನ್ನು ಕಂಡು ಅಮ್ಮ ನಗುತ್ತಿದ್ದಳು.

ಆ ದಿನ ನಗಲಿಲ್ಲ. ಬೆಳಿಗ್ಗೆ ಮುಂಬಯಿಯಿಂದ ಬಂದಿಳಿದ ನೆರೆಮನೆಯವರು, ಅಪ್ಪ ಆ ಹೋಟೆಲು ಬಿಟ್ಟು ತಿಂಗಳುಗಳಾದವು, ಈಗೆಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ ಎಂದು ಹೇಳಿಹೋಗಿದ್ದರು.

ಮೋಡದಲ್ಲಿ ಕಾಣದಿದ್ದರೂ ಇಲ್ಲಿ ಚಂದ್ರ ಹುಟ್ಟುವ ಹೊತ್ತು ಕಳೆಯಿತು. ಒಗ್ಗರಣೆಯ ಪರಿಮಳ ಆರಿತು, ಅನ್ನ ತಣಿಯಿತು. ಅಮ್ಮ ಗೋಡೆಗೊರಗಿ ಕುಳಿತೇ ಇದ್ದಳು.

"ಉಣ್ಣಮ್ಮ," ಎಂದಳು ಅಕ್ಕ.

"ಅಪ್ಪಯ್ಯ ಇಪ್ಪಲ್ಲ್ ಚಂದ್ರ ಬಂತಾ? ನಿನ್ ಪೆಟ್ಟಿಗಿ ಹತ್ರ ಕೇಣ್."

"ಎಲ್ಲ್ ಇದ್ರ್ ಅಂದ್ ಗೊತ್ತಿಲ್ದೆ ಹ್ಯಾಂಗ್ ಕೇಣುದಮ್ಮ?"

"ಗೊತ್ತಿಲ್ದಿದ್ರೆ ನಂಗ್ ಊಟ ಬ್ಯಾಡ."

ಪರದೆಯಲ್ಲಿ 'ಅಕ್ಷಾಂಶ' ಕೇಳುವಲ್ಲಿ ಚಿಕ್ಕ ಗೆರೆ ಮಿನುಗುತ್ತಲೇ ಇತ್ತು. ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹೊಸ ಊರೆಂದರೆ ತಪ್ಪದೆ ನೋಡುತ್ತಿದ್ದ ಭೂಪಟದ ಪುಸ್ತಕ ತೆರೆಯದೆ, ತಡವರಿಸದೆ, ಅಂಕಿಗಳನ್ನು ಒತ್ತಿದಳು. ಮುಂಬಯಿಯದು ನನಗೆ ಬಾಯಿಪಾಠವಾಗಿತ್ತು, ಅದಲ್ಲ. ನಮ್ಮೂರಿನದೂ ಅಲ್ಲ. ಇಷ್ಟರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

"ಬಂತಮ್ಮ. ಈಗಷ್ಟೇ."

ಅಮ್ಮ ಅಳುತ್ತಾ ಉಂಡಳು.

ಅಪ್ಪ ಬರಲೇ ಇಲ್ಲ. ತನ್ನ ಕೊನೆಯ ಸಂಕಷ್ಟಿಯವರೆಗೂ ಅಮ್ಮ ಅಕ್ಕನನ್ನು ಕೇಳಿಯೇ ಉಂಡಳು.

ಈಗ ನೀವು ಫೋನನ್ನು ಆಕಾಶಕ್ಕೆ ಹಿಡಿದರೆ ಸಾಕು, ಚಂದ್ರ ಎಲ್ಲಿದ್ದಾನೆಂದು ತೋರಿಸುತ್ತದೆ. ನೀವೆಲ್ಲಿದ್ದೀರಿ ಎಂದು ಕೇಳುವುದೇ ಇಲ್ಲ. ನಮ್ಮದು ಕೇಳುತ್ತಿತ್ತು. ಮೊನ್ನೆ ನೀವು ಅಂಗಳದಲ್ಲಿ ಹಾಗೆ ಆಡುತ್ತಿದ್ದಾಗ ಅಕ್ಕನ ಪಕ್ಕ ಕುಳಿತು ಒಂದು ಮಾತು ಕೇಳಿದೆ. ಅವಳು ನಿಮ್ಮನ್ನೇ ನೋಡುತ್ತಿದ್ದಳು.

"ಅಕ್ಕ, ಅವತ್ತ್ ನೀ ಹಾಕಿದ್ದ್ ಯಾವ್ ಊರಿನ್ ಅಂಕಿ?"