ಅಬು ಖಾಲಿದರ ಉದ್ದ ತೋಟೆ

2008ರಲ್ಲಿ ನಾನು ಬಹರೈನಿನ ರಿಫಾದ ಹತ್ತಿರ ಒಂದು ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪಲ್ಲಿ ಅಸಿಸ್ಟೆಂಟ್ ಆರ್ಮರರ್ ಆಗಿದ್ದೆ. ಅಂದ್ರೆ ಕೋವಿ ರಿಪೇರಿ ಮಾಡುವವರ ಕೈಕೆಳಗಿನವ. ಈ ಹೆಸರು ಕೇಳಿ ನಮ್ಮ ಅಮ್ಮ, ಮಗ ಪೊಲೀಸಾದ ಅಂತ ಬಂಟ್ವಾಳಕ್ಕೆಲ್ಲ ಹೇಳಿ ಆಗಿತ್ತು. ನಾನು ಕಲಿತದ್ದು ಐಟಿಐ ಫಿಟ್ಟರ್. ಅಲ್ಲಿವರೆಗೆ ರಿಪೇರಿ ಮಾಡಿದ ಅತಿ ಭಯಂಕರ ಆಯುಧ ಅಂದ್ರೆ ವೆಟ್ ಗ್ರೈಂಡರ್.

ನನ್ನ ಬಾಸ್ ಉಡುಪಿ ಕಡೆಯ ಫೆಲಿಕ್ಸ್ ಅಂಕಲ್, ಮಿಲಿಟರಿಯಲ್ಲಿ ಕೋವಿ ಬಿಚ್ಚಿ ಜೋಡಿಸಿ ರಿಟೈರ್ ಆದವರು. ಅವರ ಹತ್ತಿರ ಒಂದು ದಿನ ಅಬು ಖಾಲಿದ್ ಅಂತ ಕ್ಲಬ್ಬಿನ ಹಳೇ ಮೆಂಬರ್ ತಮ್ಮ ಬೋಲ್ಟ್ ಆ್ಯಕ್ಷನ್ ರೈಫಲ್ ತಂದ್ರು. ಬೋಲ್ಟ್ ಅಂದ್ರೆ ಚಿಲಕದ ಹಾಗಿನದ್ದು, ದೂಡಿದ್ರೆ ತೋಟೆ ಬ್ಯಾರಲ್ ಒಳಗೆ ಹೋಗ್ತದೆ, ಎಳೆದ್ರೆ ಹೊರಗೆ ಬರ್ತದೆ. ಹಳೇ ಕೋವಿ. ಗುಂಡು ತಿರುಗಿಕೊಂಡು ಹೋಗ್ಲಿಕ್ಕೆ ಬ್ಯಾರಲ್ ಒಳಗೆ ಗೀರುಗಳು ಇರ್ತವಲ್ಲ, ಅದರ ಶುರುವಿನ ಭಾಗ ಸವೆದು ಹೋಗಿತ್ತು. ಗುಂಡು ಆ ಖಾಲಿ ಜಾಗ ಹಾರಿ ಗೀರು ಹಿಡಿಯುವಷ್ಟರಲ್ಲಿ ಗುರಿ ಎಲ್ಲೆಲ್ಲಿಗೋ. ಅದಕ್ಕೆ ಅಂಕಲ್ ಕ್ಲಬ್ಬಿನ ಬೆಂಚಲ್ಲೇ ಗುಂಡನ್ನು ಸ್ವಲ್ಪ ಮುಂದೆ ಕೂರಿಸಿ ಉದ್ದದ ತೋಟೆ ತಯಾರು ಮಾಡಿದ್ರು. ತೋಟೆ ಅಂದ್ರೆ ಮದ್ದು ತುಂಬಿದ ಹಿತ್ತಾಳೆ ಕೊಳವೆ, ಅದರ ಮೂತಿಯಲ್ಲಿ ಗುಂಡು. ಗುರಿ ಸರಿ ಆಯ್ತು. ಆದ್ರೆ ತೋಟೆ ಮ್ಯಾಗಜಿನ್ ಒಳಗೆ, ಅಂದ್ರೆ ಕೋವಿಗೆ ಸಾಲಾಗಿ ತೋಟೆ ತುಂಬಿಸಿಡುವ ಡಬ್ಬಿಯೊಳಗೆ, ಹಿಡಿಸುವುದಿಲ್ಲ!

ಒಂದೊಂದೇ ತೋಟೆ ಕೈಯಲ್ಲಿ ಹಾಕಿ ಹೊಡೀಬಹುದು. ಆದ್ರೆ ಅಬು ಖಾಲಿದರ ಬೆರಳಿಗೆ ವಾತ, ಸರಿಯಾಗಿ ಮಡಚುವುದಿಲ್ಲ. ಡಾಕ್ಟ್ರು ಇನ್ನು ಕೋವಿ ಸಾಕು ಅಂದಿದ್ರು. ಶುಕ್ರವಾರ ಜುಮ್ಮಾ ನಮಾಜು ಕಳೆದ ಮೇಲೆ ಕ್ಲಬ್ಬಿನ ಮ್ಯಾಚ್, ಅದಕ್ಕೆ ಟೈಮ್ ಲಿಮಿಟ್. ಮಗ ಖಾಲಿದನ ಪಕ್ಕ ನಿಂತು ಕೊನೇ ಸಲ ಹೊಡೀಬೇಕು, ಅಷ್ಟೇ ಅವರಿಗೆ ಬೇಕಾದ್ದು.

ನಾನು ಸಹಾಯ ಮಾಡುವಾ ಅಂತ ಒಂದು ಡಮ್ಮಿ ತೋಟೆಯ ಮೂತಿಯನ್ನೇ ಅರದಲ್ಲಿ ಉಜ್ಜಿದೆ. ಡಮ್ಮಿ ಅಂದ್ರೆ ಒಳಗೆ ಮದ್ದಿಲ್ಲದ್ದು.

"ಎಂತ ಮಾರಾಯ, ಪೆನ್ಸಿಲ್ ಕೆತ್ತುವುದಾ?" ಅಂದ್ರು ಅಂಕಲ್. ಆಮೇಲೆ ಮ್ಯಾಗಜಿನ್ ಡಬ್ಬಿಯ ಹಿಂಬದಿಯಲ್ಲಿದ್ದ ಒಂದು ಉಕ್ಕಿನ ತುಂಡು ತೋರಿಸಿದ್ರು. ಗಿಡ್ಡ ತೋಟೆ ಅಲ್ಲಾಡದ ಹಾಗೆ ಕಂಪೆನಿಯವರು ಇಟ್ಟ ಅಡ್ಡ ಅದು. "ಇದನ್ನು ತೆಗಿ. ನನ್ನ ಅಳತೆಗೇ ಡಮ್ಮಿ ಮಾಡಿ ನೋಡು. ನಾನು ಪೂಜೆ ಮುಗಿಸಿ ಬರ್ತೇನೆ" ಅಂತ ಶುಕ್ರವಾರ ಬೆಳಿಗ್ಗೆ ಇಗರ್ಜಿಗೆ ಹೋದ್ರು. ಅಲ್ಲಿ ರಜೆ ಶುಕ್ರವಾರ, ಹಾಗಾಗಿ ಚರ್ಚಿನ ಪೂಜೆಯೂ ಅವತ್ತೇ.

ತೆಗೆದೆ. ತೋಟೆ ಆರಾಮಲ್ಲಿ ಕೂತಿತು. ಎದುರು ಇನ್ನೂ ಜಾಗ ಉಂಟು! ಗಲ್ಫಿನವರಿಗೆ ಊರಿಗೆ ಹೋಗುವ ಸೂಟ್‌ಕೇಸಲ್ಲಿ ಬೆರಳಷ್ಟು ಜಾಗ ಉಳಿದ್ರೆ ನಿದ್ರೆ ಬರುವುದಿಲ್ಲ, ಒಂದು ಟ್ಯಾಂಗ್ ಪ್ಯಾಕೆಟ್ ಆದ್ರೂ ತುರುಕಬೇಕು. ನಾನು ಅದೇ ಲೆಕ್ಕದಲ್ಲಿ ಗುಂಡು ಇನ್ನೂ ಮುಂದೆ ಕೂರಿಸಿ ಮತ್ತೆರಡು ಡಮ್ಮಿ ಮಾಡಿದೆ. ಒಂದನ್ನು ಹಾಕಿದೆ. ಬೋಲ್ಟ್ ಬಿಗಿ ಆಯ್ತು. ಜಿಮ್ಮಿಗೆ ಹೋಗುವ ಹುಡುಗ ನಾನು, ಒತ್ತಿದೆ. ಮುಚ್ಚಿತು. ಎಳೆದೆ. ತೋಟೆ ಹೊರಗೆ ಬಂತು, ಗುಂಡೇ ಇಲ್ಲ!

ಹೋಗುವಾಗ ಇತ್ತು, ಬರುವಾಗ ಇಲ್ಲ. ಎಂತದು ಇದು? ಬೆಂಚಿನ ಅಡಿ ನೋಡಿದೆ, ಕಸದ ಬುಟ್ಟಿ ಕವುಚಿದೆ, ಶೂ ಬಿಚ್ಚಿ ಕುಟ್ಟಿದೆ. ಅಂಗಿ ಜೇಬಲ್ಲಿ ಚ್ಯೂಯಿಂಗ್ ಗಮ್ ಸಿಕ್ಕಿತು. ಅಷ್ಟರಲ್ಲಿ ಅಬು ಖಾಲಿದ್ ಬಂದ್ರು.

"ಕ್ಯಾ ಗುಮ್ ಗಯಾ, ಬಾಬಾ?" ಎಂತ ಕಳೆದುಹೋಯ್ತು ಅಂತ ಗಲ್ಫಿನ ಹಿಂದಿಯಲ್ಲಿ ಕೇಳಿದ್ರು.

"ಗೋಲಿ, ಅರ್ಬಾಬ್." ಗುಂಡು, ಧಣಿಗಳೇ ಅಂದೆ.

ಪಾಪ, ಬಿಳಿ ನಿಲುವಂಗಿ ತೋಬು ಎತ್ತಿಕೊಂಡು ಅವರೂ ನನ್ನ ಜೊತೆ ನೆಲದಲ್ಲಿ ಹುಡುಕಿದ್ರು. ಕೊನೆಗೆ ಬೇಜಾರಾಗಿ, "ಛೋಡೋ. ಬಂದೂಕ್ ದಿಖಾವ್", ಬಿಡು, ಕೋವಿ ತೋರಿಸು ಅಂದ್ರು. ನಾನು ಪೋಸು ಕೊಟ್ಟು ಉಳಿದ ಡಮ್ಮಿ ಹಾಕಿ ಬೋಲ್ಟ್ ದೂಡಿದೆ. ಅರ್ಧದಲ್ಲಿ ನಿಂತಿತು.

"ಜೋರ್ ಸೇ!", ಜೋರಾಗಿ ದೂಡು ಅಂದ್ರು.

ಕೈ ಎತ್ತಿದವನಿಗೆ ಉಮ್ ಅಲ್ ಹಸ್ಸಮಿನ ನಮ್ಮ ಬ್ಯಾಚುಲರ್ ರೂಮಿನ ಬಾತ್‌ರೂಮ್ ಬಾಗಿಲು ನೆನಪಾಯ್ತು. ಎಷ್ಟು ದೂಡಿದ್ರೂ ಬರದಿದ್ರೆ ಒಳಗೆ ಯಾರೋ ಕೂತಿದ್ದಾರೆ ಅಂತ ಅರ್ಥ. ಗುಂಡು ನೆಲದಲ್ಲಿಲ್ಲ, ಬ್ಯಾರಲಿನ ಗೀರಿಗೆ ಕಚ್ಚಿ ಒಳಗೇ ಕೂತಿದೆ! ಅದರ ಹಿಂದೆ ನಿಜವಾದ ತೋಟೆ ಒತ್ತಿ ಹೊಡೆದಿದ್ರೆ ಕೋವಿ ಅವರ ಮುಖದ ಎದುರಲ್ಲೇ ಒಡೀತಿತ್ತು.

"ದೇವ್. ಮ್ಯಾಚ್ ಹೈ", ಕೊಡು, ಮ್ಯಾಚ್ ಉಂಟು ಅಂತ ಅವರು ಕೋವಿಗೆ ಕೈ ಹಾಕಿದ್ರು. ನಾನು ಅದನ್ನು ಮಗು ತಬ್ಬಿದ ಹಾಗೆ ತಬ್ಬಿಕೊಂಡೆ. "ನಹೀ ದೇಗಾ, ಅರ್ಬಾಬ್!" ಕೊಡುವುದಿಲ್ಲ ಅಂದೆ.

"ತೇರಾ ವೀಸಾ ಕ್ಯಾನ್ಸಲ್!"

"ಕ್ಯಾನ್ಸಲ್ ಕರೋ. ಬಂದೂಕ್ ನಹೀ ದೇಗಾ!"

ಈ ಎಳೆದಾಟದ ಮಧ್ಯೆ ಫೆಲಿಕ್ಸ್ ಅಂಕಲ್ ಬಂದ್ರು. ಖಾಲಿ ತೋಟೆ ನೋಡಿದ್ದೇ ಎಲ್ಲ ಗೊತ್ತಾಯ್ತು. ಅರ್ಧದಲ್ಲಿ ನಿಂತ ಡಮ್ಮಿ ಹೊರಗೆ ತೆಗೆದು, ಬ್ಯಾರಲಿನ ಬಾಯಿಯ ಕಡೆಯಿಂದ ರಾಡ್ ತೂರಿಸಿ ಮೆಲ್ಲ ತಟ್ಟಿದ್ರು, ಗುಂಡು ಟಣ್ ಅಂತ ಬೆಂಚಿಗೆ ಬಿತ್ತು.

"ಜಾಗ ಉಂಟು ಅಂತ ತುಂಬಿಸುವುದಾ? ಇದೆಂತ ಹಲಸಿನ ಹಪ್ಪಳವಾ?" ಅಂತ ನನ್ನ ತಲೆಗೊಂದು ಕೊಟ್ರು. ಅಬು ಖಾಲಿದರಿಗೆ ವಿಷಯ ಬಿಡಿಸಿ ಹೇಳಿದ್ರು. ಅವರು ಆ ಗುಂಡನ್ನು ತುಂಬ ಹೊತ್ತು ನೋಡಿದ್ರು. ವೀಸಾದ ಮಾತು ಮತ್ತೆ ಬರಲಿಲ್ಲ.

ಅಂಕಲ್ ತಮ್ಮ ಅಳತೆಯ ಡಮ್ಮಿಗಳನ್ನು ಹಾಕಿ ತೆಗೆದು ನೋಡಿದ ಮೇಲೆಯೇ ಕೋವಿ ಕೊಟ್ಟದ್ದು. ಮ್ಯಾಚಲ್ಲಿ ಅಪ್ಪ, ಮಗ ಅಕ್ಕಪಕ್ಕ. ಮ್ಯಾಗಜಿನ್ನಿಂದ ತೋಟೆ ಒಂದರ ಹಿಂದೆ ಒಂದು ಬೆಣ್ಣೆಯ ಹಾಗೆ ಏರಿತು. ಆದ್ರೆ ಬೆರಳು ನಿಧಾನ. ಬ್ಯಾರಲ್ ಒಳಗೆ ಕೂತ ಕೊನೇ ತೋಟೆ ಹೊಡೆಯುವ ಮೊದಲೇ ಸೀಟಿ ಊದಿದ್ರು, ಖಾಲಿದ್ ಗೆದ್ದ. ನನ್ನ ಜೀವ ಮಾತ್ರ ಆ ಉಳಿದ ತೋಟೆಯಲ್ಲಿತ್ತು. ಅಬು ಖಾಲಿದ್ ಬೋಲ್ಟ್ ಎಳೆದ್ರು. ತೋಟೆ ಇಡೀ ಬಂತು, ಗುಂಡಿನ ಸಮೇತ. ಅದನ್ನು ಎತ್ತಿ ಹಿಡಿದು, ಗೆದ್ದ ಮಗನನ್ನು ಬಿಟ್ಟು ನನ್ನ ಕಡೆ ನೋಡಿ ನಕ್ಕರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಒಳಗೆ ಹೋದ ಕೂಡಲೇ ಚಪ್ಪಾಳೆ ತಟ್ಟಬಾರದು, ಹೊರಗೆ ಬರುವವರೆಗೆ ಕಾಯಬೇಕು.